ಗಿಡ್ಡ ಕಾಲು

ಸಿದ್ದಾಪುರದಿಂದ ಅಮ್ಮತ್ತಿಗೆ ಹೋಗುವ ತಿರುವಿನಲ್ಲಿ
ತಗಡಿನ ಮಾಡು, ಅದರಡಿ ನನ್ನ ಕೆಲಸ:
ಸತ್ತ ಕಾಫಿ ಗಿಡಕ್ಕೆ ಕಾಲು ಮೂಡಿಸುವುದು.
ಬೋರರ್ ಹುಳ ತಿಂದು ಮುಗಿಸಿದ ಅರೇಬಿಕಾ
ಬೇರುಸಹಿತ ಲಾರಿಯಲ್ಲಿ ಬರುತ್ತದೆ,
ಮಣ್ಣು ಉದುರಿಸುತ್ತ, ತಲೆಕೆಳಗಾಗಿ.
ತಲೆಕೆಳಗಾದದ್ದನ್ನು ಹಾಗೇ ನಿಲ್ಲಿಸಿ
ಮೇಲೊಂದು ಗಾಜು ಇಟ್ಟರೆ ಟೀಪಾಯಿ.
ಪ್ರವಾಸಿಗಳು ಕಾರು ನಿಲ್ಲಿಸಿ ಸವರಿ ನೋಡುತ್ತಾರೆ,
"ಈ ತೂತುಗಳನ್ನು ಮುಚ್ಚಿ ಕೊಡ್ತೀರಾ?" ಎನ್ನುತ್ತಾರೆ.
ಮುಚ್ಚಿ ಕೊಡುತ್ತೇನೆ. ಪುಟ್ಟಿಗೆ ಬೇರೆ ರೇಟು.

ನಾವು ಐರಿಗಳು.
ಅಜ್ಜ ದೊಡ್ಡ ಮನೆಯೊಂದಕ್ಕೆ ಐಮರ ಕೂಡಿಸಿದವನು.
ಕಂಬದಿಂದ ಕಂಬಕ್ಕೆ ಒಂದೇ ಹಲಸಿನ ಹಲಗೆ,
ಹಿರಿಯರು ಕೂತು ಗದ್ದೆ ಬಯಲು ನೋಡುವ ಜಾಗ.
ಹದಿನೇಳು ದಿನ ಅದರ ಮೇಲೇ ಕೂತು ಕೀಸಿದ,
ಎಲೆಯಡಿಕೆ ಹಾಕಿದ, ಮಧ್ಯಾಹ್ನ ಅಲ್ಲೇ ಒರಗಿದ.
ಹದಿನೆಂಟನೆಯ ದಿನ
ಉಳಿ ಒರೆಸಿಕೊಂಡು ಅಂಗಳಕ್ಕಿಳಿದ.
ಆಮೇಲೆ ಬದುಕಿದ್ದಷ್ಟು ಕಾಲ ಆ ಮನೆಯವರೊಡನೆ
ಅಂಗಳದಲ್ಲೇ ನಿಂತು ಮಾತಾಡಿದ.
ಇದನ್ನು ದೂರಿನಂತೆ ಹೇಳಿದ್ದಲ್ಲ ಅಜ್ಜ,
ಹಲಗೆಯ ಉದ್ದ ಹೇಳುವಾಗ ಜೊತೆಗೆ ಬಂದ ಮಾತು.

ಹೋದ ಕುಯ್ಲಿನ ಹೊತ್ತಿಗೆ
ಹೊಸ ರೆಸಾರ್ಟಿನ ಮ್ಯಾನೇಜರ್ ಉತ್ತಯ್ಯ ಬಂದ.
"ಬಾಗಿಲಲ್ಲೇ ಕಾಣುವಂಥ ಒಂದು ಪೀಸ್ ಬೇಕು,
ಕುರ್ಚಿಯೂ ಹೌದು ಶಿಲ್ಪವೂ ಹೌದು ಅನ್ನಿಸಬೇಕು,
ತೋಟದ ಕಥೆ ಹೇಳಬೇಕು" ಎಂದು ಮುಂಗಡ ಕೊಟ್ಟ.

ತೋಟದ ಕಥೆ.
ನನಗೆ ಹೊಳೆದದ್ದು ಮಾಚಿಯ ಬೆನ್ನು.
ಲೈನ್‌ಮನೆಯ ಮಾಚಿ, ಎರವರ ಹೆಂಗಸು,
ಇದೇ ಗಿಡಗಳ ಹಣ್ಣು ಕುಯ್ದವಳು,
ಈಗ ನನ್ನಲ್ಲಿ ಉಪ್ಪುಕಾಗದ ಉಜ್ಜುತ್ತಾಳೆ.
ಕುಯ್ಲಿನ ಚೀಲ ಸೊಂಟಕ್ಕೆ ಕಟ್ಟಿ ಕಟ್ಟಿ
ಒಂದು ಪಕ್ಕಕ್ಕೆ ವಾಲಿದ ಬೆನ್ನು.
ಹಾಗೇ ವಾಲಿದ ಕಾಂಡವೊಂದು ರಾಶಿಯಲ್ಲಿ ಸಿಕ್ಕಿತು.
ಹೆಚ್ಚೇನೂ ಕೆತ್ತಲಿಲ್ಲ.
ಹುಳದ ತೂತುಗಳನ್ನು ಬಿಟ್ಟೆ.
ಒರಗಿದವರಿಗೆ ಚುಚ್ಚಲಿ ಎಂದು ಒಂದು ಗಂಟನ್ನೂ ಬಿಟ್ಟೆ.
ರಾತ್ರಿ ಬಲ್ಬಿನ ಬೆಳಕಲ್ಲಿ ನೋಡಿ ನೋಡಿ
ನನಗೆ ನಾನೇ ತಲೆದೂಗಿದೆ.

ಬೆಳಿಗ್ಗೆ ಮಾಚಿ ಅದರ ಸುತ್ತು ಬಂದಳು.
"ಇದು ಯಾರ ಬೆನ್ನು?"
"ನಿನ್ನದೇ."
"ಕೂರುವವರು ಯಾರು?"
ಬಿದ್ದ ಉಳಿ ಹುಡುಕುವವನಂತೆ ಬಗ್ಗಿದೆ.

"ಬೆನ್ನು ಹಾಗಿರಲಿ, ಕಾಲು ನೋಡು.
ನಾಲ್ಕೂ ಒಂದೇ ಉದ್ದ ಇಟ್ಟಿದ್ದೀಯ.
ನಮ್ಮ ಲೈನಲ್ಲಿ ಎಲ್ಲಿದೆ ಸಪಾಟು ನೆಲ?
ಹೆತ್ತದ್ದು ಇಳಿಜಾರಲ್ಲಿ, ಉಂಡದ್ದು ಇಳಿಜಾರಲ್ಲಿ,
ಗಂಜಿಯ ಬಟ್ಟಲು ಕೂಡ ಒಂದು ಕಡೆ ತುಂಬಿ
ಇನ್ನೊಂದು ಕಡೆ ಖಾಲಿ.
ಹಿಂಗಾಲೆರಡು ಕತ್ತರಿಸು."
ಎಷ್ಟು ಎಂದೆ.
ಅಂಗೈ ಅಡ್ಡ ಇಟ್ಟಳು:
ನಾಲ್ಕು ಬೆರಳು, ಮತ್ತೆ ಮೂರು.

ಸಂಜೆ ಪಿಕಪ್‌ನಲ್ಲಿ ಹೇರಿ
ಅವಳ ಬಾಗಿಲ ಮುಂದೆ ಇಳಿಸಿದೆವು.
ನೆಟ್ಟಗೆ ನಿಂತಿತು. ರಸಮಟ್ಟ ಇಟ್ಟು ನೋಡಿದೆ,
ಗುಳ್ಳೆ ನಟ್ಟನಡುವೆ.
ಮಾಚಿ ಕೂತಳು, ಎಲೆಯಡಿಕೆ ಚೀಲ ಬಿಚ್ಚಿದಳು.
"ಗಂಟು ಚುಚ್ಚುವುದಿಲ್ಲವಾ?"
"ಯಾವ ಗಂಟು?"
ಪಕ್ಕದ ಮನೆಯ ಮಗು ಸರದಿ ಕೇಳಿತು, ಅದರ ಅವ್ವ ಕೇಳಿದಳು,
ಕತ್ತಲಾಗುವುದರೊಳಗೆ ಹದಿನಾಲ್ಕು ಜನ ಕೂತೆದ್ದರು.
ಬಾ ಎಂದರು. ನಾನು ಮಾತ್ರ
ಅಂಗಳದಲ್ಲೇ ನಿಂತಿದ್ದೆ.

ಈಗ ಅದು ರೆಸಾರ್ಟಿನ ಗ್ರಾನೈಟಿನ ಮೇಲಿದೆ.
ಉತ್ತಯ್ಯ ಫೋನು ಮಾಡಿದ:
"ಕೂತವರಿಗೆ ಬರೀ ತಾರಸಿ ಕಾಣುತ್ತದೆ ಮಾರಾಯ,
ಒಬ್ಬರು ಮಗುಚಿಯೇ ಬಿದ್ದರು, ಕಾಲು ಸರಿ ಮಾಡಿಕೊಡು."
"ಕಾಲು ಸರಿ ಇದೆ, ನಿಮ್ಮ ನೆಲ" ಎನ್ನುವಷ್ಟರಲ್ಲಿ
ಸಿಗ್ನಲ್ ಹೋಯಿತು, ಅಥವಾ ಅವನೇ ಇಟ್ಟ.
ಈಗ ಸುತ್ತ ಹಗ್ಗ ಕಟ್ಟಿದ್ದಾರಂತೆ,
ನೋಡಬಹುದು, ಕೂರಬಾರದು.

ಬಾಕಿ ಹಣ ಬಂತು. ಅರ್ಧ ಮಾಚಿಗೆ ಕೊಟ್ಟೆ.
ಎಣಿಸಿದಳು. "ಇದರಲ್ಲಿ ಬೆನ್ನಿಗೆಷ್ಟು, ಕಾಲಿಗೆಷ್ಟು?"
ನಾನಿನ್ನೂ ಲೆಕ್ಕ ಹಾಕುತ್ತಿದ್ದೇನೆ.

ಕತ್ತರಿಸಿ ಬಿಸುಟ ಆ ಏಳು ಬೆರಳಿನ ತುಂಡುಗಳನ್ನು
ಅವತ್ತೇ ಸೆರಗಲ್ಲಿ ಕಟ್ಟಿಕೊಂಡು ಹೋಗಿದ್ದಳು.
ಮಂಚದ ತಗ್ಗಿನ ಕಾಲುಗಳಿಗೆ ಕೊಟ್ಟಿದ್ದಾಳೆ.
ಈಗ ರಾತ್ರಿ ಕಾಲದೆಸೆಗೆ ಜಾರುವುದಿಲ್ಲವಂತೆ.