ಹದಿನೆಂಟು ಗೇಜಿನ ಸೂಜಿ

"ಮಗನಿಗಾ ಸಿಸ್ಟರ್?" ಎಂದ ನಿಯಾಸ್,
ಹವಲ್ಲಿಯ ನೆಲಮಾಳಿಗೆ ಅಂಗಡಿಯಲ್ಲಿ
ಹಳೇ ಗ್ರಾಫಿಕ್ಸ್ ಕಾರ್ಡುಗಳ ಧೂಳು ಊದುತ್ತ.
ನನಗೇ, ಅಂದೆ.
ಊದುವುದು ನಿಂತಿತು.

ನೂರಿಪ್ಪತ್ತು ದಿನಾರ್. ಮೇಲೆ ಒಂದು ಫಿಲ್ಸೂ ಇಲ್ಲ.
ಆಡುವುದು ಕಾರ್ ರೇಸು.
ನನ್ನ ಸಂಬಳಕ್ಕೆ ಈ ದೇಶದಲ್ಲಿ ಲೈಸೆನ್ಸು ಗಿಟ್ಟುವುದಿಲ್ಲ;
ಹನ್ನೊಂದು ವರ್ಷ ಮಿನಿಬಸ್ಸಿನ ಕಿಟಕಿ ಪಕ್ಕ ಕೂತು
ನಾಲ್ಕನೇ ರಿಂಗ್ ರೋಡಿನುದ್ದಕ್ಕೂ
ಕಾಲಡಿ ಇಲ್ಲದ ಬ್ರೇಕು ತುಳಿದಿದ್ದೇನೆ.

ಬಿಲ್ಲಿನ ಹಿಂಬದಿಗೆ ಅವನು ಬರೆದ, ನಾನು ಹೊಡೆದುಹಾಕಿದೆ.
ಬಣ್ಣ ಬಣ್ಣದ ಫ್ಯಾನು: ಮದುವೆ ಮಂಟಪವಾ? ಬೇಡ.
ಗಾಜಿನ ಪೆಟ್ಟಿಗೆ: ಒಳಗಿನದನ್ನು ಯಾರಿಗೆ ತೋರಿಸಲಿ?
ರ‍್ಯಾಮು ಎಂಟೆಂಟರ ಜೋಡಿ,
ಕಂಪನಿ ಬೇರೆಯಾದರೂ ಹೊಂದಿಕೊಂಡಾವು,
ನಮ್ಮ ಫ್ಲಾಟಿನಲ್ಲಿ ಐದು ಮಂದಿ ಹೊಂದಿಕೊಂಡಿಲ್ಲವಾ.
ಪವರ್ ಸಪ್ಲೈ ಮಾತ್ರ ಹೊಸತು, ಸೀಲು ಒಡೆಯದ್ದು.
ಅಲ್ಲಿ ಜಿಪುಣತನ ಮಾಡಿದವರ ಮನೆಯಿಂದ
ಸುಟ್ಟ ವಾಸನೆ ವಾರವಾದರೂ ಹೋಗದಂತೆ. ಅವನೇ ಹೇಳಿದ,
ಹೇಳಿ ಎರಡು ದಿನಾರ್ ಏರಿಸಿದ.

ಗ್ರಾಫಿಕ್ಸ್ ಕಾರ್ಡು ಬಂದಾಗ ಇಬ್ಬರೂ ಸುಮ್ಮನಾದೆವು.
ನಾಲ್ಕು ಜಿಬಿಯದಕ್ಕೆ ಇಪ್ಪತ್ತೆಂಟು, ಎಂಟರದಕ್ಕೆ ನಲವತ್ತೈದು.
ಎಂಟು ತಗೊಂಡರೆ ಪ್ರೊಸೆಸರಿಗೆ ಉಳಿಯುವುದು ಐದು.
ಐದಕ್ಕೆ ಏನಿದೆ?

ಡ್ರಾಯರ್ ಎಳೆದ. ಬಿಸ್ಕತ್ತಿನಷ್ಟು ಚೌಕ,
ಬೆನ್ನ ತುಂಬ ಚಿನ್ನದ ಕೂದಲು, ಸಾವಿರಕ್ಕೂ ಮೀರಿ.
ಮೂಲೆಯಲ್ಲಿ ಎರಡು ಬಾಗಿವೆ.
"ಇದು ಹೋದದ್ದು. ಬೇಕಾದರೆ ಒಯ್ಯಿರಿ,
ಗ್ಯಾರಂಟಿ ಕೇಳಬೇಡಿ."

ದಿನಕ್ಕೆ ಅರವತ್ತು ತೋಳಿನಿಂದ ರಕ್ತ ತೆಗೆಯುವವಳು ನಾನು.
ಕಿರುಚುವ ಕೂಸಿನ ನರ, ಅಜ್ಜಿಯರ ಅಡಗಿ ಕೂರುವ ನರ,
ಬೆರಳಿಗೆ ಮೊದಲು ಗೊತ್ತಾಗುತ್ತದೆ, ಕಣ್ಣಿಗೆ ಆಮೇಲೆ.

ರಾತ್ರಿ. ಅಡುಗೆಮನೆಯ ಮೇಜು, ಎಲ್ವೀರಾಳ ಮೊಬೈಲ್ ಟಾರ್ಚು.
ತಾರೀಖು ಮೀರಿದ ಹದಿನೆಂಟು ಗೇಜಿನ ಸೂಜಿ,
ಅದರ ಟೊಳ್ಳನ್ನು ಪಿನ್ನಿಗೆ ತೊಡಿಸಿ,
ಉಸಿರು ಹಿಡಿದು, ಎಳ್ಳಷ್ಟು ಎತ್ತಿದೆ.
ಒಂದು ನಿಂತಿತು.
ಎರಡನೆಯದು ಹಠಮಾರಿ. ಅದಕ್ಕೆ
"ಸ್ವಲ್ಪ ನೋವಾಗ್ತದೆ, ಆಯ್ತಾ?" ಅಂದೆ, ಅಭ್ಯಾಸಬಲ.
ಎಲ್ವೀರಾ ನಕ್ಕು ಟಾರ್ಚು ಅಲುಗಿ
ಬೈಸಿಕೊಂಡಳು.

ಬಟಾಣಿಯಷ್ಟು ಪೇಸ್ಟು. ಉಳಿದ ಸ್ಕ್ರೂ ಒಂದು, ಎಲ್ಲಿಯದೋ.
ಸ್ವಿಚ್ಚು ಒತ್ತಿದೆ. ಫ್ಯಾನು ತಿರುಗಿತು.
ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ:
ಹಳೇ ಬೋರ್ಡಿಗೆ ಇನ್ನೂ ಎರಡು ಸಾವಿರದ ಹದಿನೇಳನೇ ಇಸವಿ.
ಸೆಲ್ಲು ಸತ್ತಿದೆ. ಅಷ್ಟೆಲ್ಲ ಬರೆದು, ಹೊಡೆದು,
ಅದೊಂದನ್ನು ಇಬ್ಬರೂ ಮರೆತಿದ್ದೆವು.

ಎಲ್ವೀರಾ ತನ್ನ ಶುಗರ್ ನೋಡುವ ಮಿಷನ್ನಿನ ಬೆನ್ನು ಬಿಚ್ಚಿ
ದುಂಡನೆಯ ಸೆಲ್ಲು ಅಂಗೈಗೆ ಹಾಕಿದಳು.
ಬೆಳಗ್ಗೆವರೆಗೆ ಮಾತ್ರ, ಎಂದಳು,
ಖಾಲಿ ಹೊಟ್ಟೆಯಲ್ಲಿ ನೋಡಬೇಕು.

ಆಟ ಇಳಿದು ಮುಗಿಯುವಾಗ ಮೂರು ಗಂಟೆ.
ಆರರವರೆಗೆ
ನನ್ನ ಹತ್ತಿರ ಲೈಸೆನ್ಸು ಇದೆ.