ಎರಡನೆಯ ಸೀನು

ಎಲೆಕ್ಷನ್ ಮುಗಿದು ತಿಂಗಳಾಯ್ತು ಕೆರಿಯಪ್ಪ,
ಕೋವಿ ಒಯ್ಯೋ ಮಾರಾಯ, ಎಂದು ಮೂರು ಸಲ ಫೋನು
ರಿಪ್ಪನ್‌ಪೇಟೆ ಠಾಣೆಯಿಂದ.
ಠೇವಣಿ ಚೀಟಿ ಕಿಸೆಯಲ್ಲೇ ಇದೆ. ಬೆವರಿಗೆ ನೆಂದು
ಅಪ್ಪನ ಹೆಸರು ಅಳಿಸಿದೆ, ನಂಬರು ಉಳಿದಿದೆ.

ಹಂದಿ ಗದ್ದೆಗಿಳಿದ ರಾತ್ರಿ ಜಟ್ಟಪ್ಪ ಕೂಗುತ್ತಾನೆ:
ಮಿಲಿಟ್ರಿಯವನು ನೀನು, ಒಂದು ಈಡು ಹೊಡಿ.
ಕಣ್ಣು ಮಂಜು ಎನ್ನುತ್ತೇನೆ, ಡಬ್ಬ ಬಡಿಯುತ್ತೇನೆ.
ಸುಳ್ಳು. ಹೆಂಡತಿಗೆ ಸೂಜಿಯ ದಾರ
ಈಗಲೂ ನಾನೇ ಪೋಣಿಸಿ ಕೊಡುವುದು.

ಒಂಟಿ ಸೀನು ಒಳ್ಳೆಯದಲ್ಲ ಎನ್ನುತ್ತಿದ್ದಳು ಅವ್ವ.
ಹೊಸ್ತಿಲು ದಾಟಿದವರನ್ನೂ ಒಳಗೆ ಕರೆದು
ಮಣೆ ಹಾಕಿ, ಒಂದು ಲೋಟ ನೀರು ಕುಡಿಸಿ,
ಇನ್ನೊಂದು ಬರಲಿ, ಆಮೇಲೆ ಹೊರಡು.
ಭರ್ತಿಗೆ ಹೊರಟ ದಿನ ನಾನೇ ಸೀನಿ
ಶಿವಮೊಗ್ಗದ ಮೊದಲ ಬಸ್ಸು ತಪ್ಪಿತು.
ಮುಂದಿನದಕ್ಕೆ ಹೋದೆ. ಎದೆ ಅಳೆದರು, ತೆಗೆದುಕೊಂಡರು.

ಬಂಡೆಯಾಚೆ ಅವನು ಮೊಣಕಾಲೂರಿ
ಒಲೆ ಊದುತ್ತಿದ್ದ. ನಲವತ್ತು ಗಜ, ಹೆಚ್ಚೆಂದರೆ.
ಹೊಗೆ ಮೂಗಿಗೆ ಹೋಗಿರಬೇಕು, ಸೀನಿದ.
ಒಂದೇ.
ನನ್ನ ಬಾಯಿಗೆ ತಾನಾಗಿ ಬಂತು
ಅವ್ವನ ಮಾತು, ನೂರು ವರ್ಷ
ಎನ್ನುವಷ್ಟರಲ್ಲಿ
ಅವನು ತಲೆ ಹಿಂದಕ್ಕೆ ವಾಲಿಸಿ
ಕಣ್ಣು ಕಿರಿದು ಮಾಡಿ, ಬಾಯಿ ಅರ್ಧ ತೆರೆದು
ಇನ್ನೊಂದಕ್ಕೆ ಕಾಯುತ್ತಿದ್ದ.

ನಾನು ಕಾಯಲಿಲ್ಲ.

ವರದಿಯಲ್ಲಿ ಬರೆದರು: ಒಬ್ಬ.
ಸೀನಿನ ವಿಷಯ ಯಾರೂ ಕೇಳಲಿಲ್ಲ.
ಒಲೆಯ ಮೇಲಿದ್ದದ್ದು ಅಕ್ಕಿಯೋ ಬೇಳೆಯೋ
ಸೀದ ಮೇಲೆ ತಿಳಿಯುವುದಿಲ್ಲ.

ಇವತ್ತು ಬಂದೆ. ರೈಟರ್ ಷಣ್ಮುಖಾಚಾರ್
ದಪ್ಪ ಲೆಡ್ಜರು ಕೊಡವಿ ಬಿಚ್ಚಿದ. ಸೀನಿದ.
ಪೆನ್ನು ಗಾಳಿಯಲ್ಲೇ ನಿಂತಿತು. ಅವನು ಸೂರು ನೋಡುತ್ತ
ಬಾಯಿ ಅರ್ಧ ತೆರೆದು
ಹಾಗೇ ಇದ್ದ. ಫ್ಯಾನು ಕಿರ್ ಎನ್ನುತ್ತಿತ್ತು.
ಬಾರೋ, ಬಾರೋ ಎಂದೆ ಒಳಗೊಳಗೇ,
ಕರು ಹಾಕುವ ಹಸುವಿನ ಪಕ್ಕ ಕೂತವನ ಹಾಗೆ.

ಬಂತು. ದೊಡ್ಡದೇ ಬಂತು.
ಮೂಗೊರೆಸಿಕೊಂಡು, ಇಲ್ಲಿ ಸೈನು ಹಾಕಿ ಎಂದ,
ಬೆಂಚು ಯಾಕೆ ಅಷ್ಟು ಗಟ್ಟಿ ಹಿಡ್ಕಂಡಿದೀರಿ?

ಕೋವಿ ಇಲ್ಲೇ ಇರಲಿ ಸ್ವಾಮಿ,
ಮುಂದಿನ ಎಲೆಕ್ಷನ್‌ಗೆ ಹೇಗೂ ತರಬೇಕಲ್ಲ.
ಹಾಗೆಲ್ಲ ಆಗಲ್ಲ ಯಜಮಾನ್ರೇ, ರೂಲ್ಸು.

ನಳಿಗೆಯ ಬಾಯಿಗೆ ಜೇಡ ಬಲೆ ನೇಯ್ದಿತ್ತು.
ಒರೆಸಿಕೊಡ್ಲಾ ಎಂದ ಪೇದೆ ಹುಡುಗ.
ಬೇಡಪ್ಪ ಎಂದೆ.
ಗೋಣಿ ಸುತ್ತಿ, ಬಾಯಷ್ಟು ಬಿಟ್ಟು,
ತುಂಬಿದ ಬಸ್ಸಿನಲ್ಲಿ ಯಾರ ಮೈಗೂ ತಾಗದ ಹಾಗೆ
ನೆಟ್ಟಗೆ ಹಿಡಿದು ನಿಂತೆ, ನಮ್ಮೂರ ಕೈಮರದವರೆಗೂ.