ನಾಲ್ಕು ಬೋಲ್ಟು

"ಕಾರು ನೋಡಾಕ ಹೋಗುವಾಗ ಕಿವಿ ತಗೊಂಡು ಹೋಗು,
ಕಣ್ಣು ಮನ್ಯಾಗ ಬಿಟ್ರೂ ನಡೀತೈತಿ,"
ಅಂದಿದ್ದ ದಸ್ತಗೀರ, ಉದ್ಯಮಬಾಗದ ಫಿಟ್ಟರ್.
"ಬಣ್ಣ ಯಾರು ಬೇಕಾದ್ರೂ ಬಳೀತಾರ."

ಕಿವಿಯ ಮಾತು ನನಗೆ ಹೇಳಬೇಕಿರಲಿಲ್ಲ.
ವಡಗಾವಿಯ ಓಣಿಯಲ್ಲಿ ಮೂವತ್ತೊಂದು ವರ್ಷ
ಎರಡು ಮಗ್ಗಗಳ ನಡುವೆ ನಿಂತವನು.
ಲಾಳಿ ಒಂದೆಳೆಯಷ್ಟು ತಡವಾದರೂ
ನಿದ್ದೆಯಲ್ಲಿ ಕಾಲು ನೆಲಕ್ಕಿಳಿಯುತ್ತಿತ್ತು.

ಕ್ಯಾಂಪಿನಲ್ಲಿ ಹುಣಸೆಮರದ ಕೆಳಗೆ ಗಾಡಿ.
ಎರಡು ಸಾವಿರದ ಮೂರರದ್ದು, ಬೂದಿ ಬಣ್ಣ,
ವೈಪರಿನ ಸಂದಿಯಲ್ಲಿ ಹುಣಸೆಯ ಒಣ ಎಲೆ.
"ಒಂದ ಕೈಯಾಗಿನ ಗಾಡಿ ರೀ, ಬರೇ ರವಿವಾರ ಹೊಡದೀನಿ,"
ಅಂದರು ಗುಂಡೋಪಂತ ಕಿಲ್ಲೇದಾರರು.
ಕ್ಲಚ್ಚಿನ ಪೆಡಲ್ ನೋಡಿದೆ:
ತೇದು ತೇದು ನುಣುಪಾದ ಗಂಧದ ಕೊರಡು.
ಎಷ್ಟು ರವಿವಾರಗಳಪ್ಪಾ!
ಬಾನೆಟ್ಟಿನ ಮೇಲೆ ಅಂಗೈಯಿಟ್ಟೆ. ಬಿಸಿ.
"ನಾ ಬರೂದರಾಗ ಚಾಲೂ ಮಾಡಿದ್ರೇನ್ರಿ?"
ಅವರು ಮರದ ಕಡೆ ನೋಡಿದರು.

ಒಂದನೇ ಗೇರು ಮೆತ್ತಗೆ ಬಿತ್ತು.
ಎರಡನೆಯದಕ್ಕೆ ಕರ್ರೆಂದು ಒಂದು ಉಸಿರು,
ಬೀಸುಕಲ್ಲಿಗೆ ಹರಳು ಸಿಕ್ಕಂತೆ, ಆಮೇಲೆ ಮೌನ.
ರೈಲ್ವೆ ಮೇಲ್ಸೇತುವೆಯ ಏರಿನಲ್ಲಿ ಮೂರನೆಯದು
ಸಣ್ಣಗೆ ಕೊರಗತೊಡಗಿತು.
ಪಾದ ಸಡಿಲಿಸಿದ್ದೇ ತಡ,
ಮಾತಿನ ನಡುವೆ ಎದ್ದು ಹೋಗುವ ಬೀಗರ ಹಾಗೆ
ತಾನೇ ಕಳಚಿಕೊಂಡು ನ್ಯೂಟ್ರಲ್ಲಿಗೆ ಬಂದು ಕೂತಿತು.
ಹ್ಯಾಂಡ್ ಬ್ರೇಕ್ ಎಳೆದೆ. ಗಾಡಿ ಒಂದು ಗೇಣು ಹಿಂದಕ್ಕೆ,
ಇನ್ನೊಂದು ಗೇಣು. ಹಿಂದಿದ್ದ ಹಾಲಿನ ಟೆಂಪೋದವ
ಮರಾಠಿಯಲ್ಲಿ ನನ್ನ ವಂಶ ವಿಚಾರಿಸಿದ.

ಆ ಕೊರಗು ಮಾತ್ರ ಎಲ್ಲೋ ಕೇಳಿದ್ದು.

ಮನೆಗೆ ಬಂದರೆ ಇಂದುಮತಿಯದು ಒಂದೇ ಪ್ರಶ್ನೆ:
"ಗೇರ್ ಹಾಳಾಗಿದ್ರ ರಿಪೇರಿ ಆದೀತು.
ನಿಲ್ಲಸೂದೆಲ್ಲಿ?"
ಓಣಿ ಅಳೆದೆವು ಅವಳೂ ನಾನೂ,
ಟೇಪಿನ ಆ ತುದಿ ಅವಳ ಬೆರಳಲ್ಲಿ.
ಏಳೂವರೆ ಅಡಿ. ಅದರಲ್ಲಿ ಗಟಾರ ಮುಕ್ಕಾಲು,
ಎದುರುಮನೆಯ ಚಂಪಾಬಾಯಿಯ ಮೆಟ್ಟಿಲು ಒಂದು,
ನೀರು ಬರುವ ದಿನ ಕೊಡಗಳ ಸಾಲು.
"ಯಾರರೆ ಸತ್ರ ಹೆಣ ಹೆಂಗ ಒಯ್ಯೂದು?"
ಚಂಪಾಬಾಯಿ ಕಿಟಕಿಯಿಂದಲೇ ಕೇಳಿದಳು,
ನಗುತ್ತಲೇ, ಆದರೆ ಕೇಳಿದಳು.

ಉಳಿದದ್ದು ಶೆಡ್ಡು.
ಬಾಗಿಲ ಕಡೆಯ ಮಗ್ಗ ಹೋಗಿ ಎರಡು ದೀಪಾವಳಿ.
ಕಿಲೋ ಲೆಕ್ಕದಲ್ಲಿ ತೂಗಿ ಹೊತ್ತುಕೊಂಡು ಹೋದರು.
ಅದರ ಕಾಲು ಹಿಡಿದಿದ್ದ ನಾಲ್ಕು ಬೋಲ್ಟು
ಸಿಮೆಂಟಿನಿಂದ ಇನ್ನೂ ಎದ್ದು ನಿಂತಿವೆ.
ಒಂದಕ್ಕೆ ಇಂದುಮತಿ ನೂಲಿನ ಚೀಲ ನೇತುಹಾಕುತ್ತಾಳೆ,
ಒಂದಕ್ಕೆ ನಾನು ಕತ್ತಲಲ್ಲಿ ಎಡವುತ್ತೇನೆ.

ಆಗ ಹೊಳೆಯಿತು ಆ ಕೊರಗು ಯಾರದೆಂದು.
ಹಲ್ಲು ಸವೆದ ಗಾಲಿ, ಕೊನೆಯ ಆರು ತಿಂಗಳು,
ಎಣ್ಣೆ ಹಾಕಿದಷ್ಟೂ ಅದೇ ರಾಗ.
ಹೆಂಡತಿಗೆ ಹೇಳಲಿಲ್ಲ.

"ಕರಗಸ ತರ್ತೀನಿ, ಕತ್ತರಿಸೂಣು," ಅಂದೆ.
"ಬ್ಯಾಡ," ಅಂದಳು. ಅಷ್ಟೇ.
ಒಂದು ಗಳಿಗೆ ಬಿಟ್ಟು:
"ಗಾಲಿ ಆಕಡೆ ಈಕಡೆ, ಬೋಲ್ಟು ನಡುವ.
ಹಂಗ ನಿಲ್ಲಸಾಕ ಬರೂದಿಲ್ಲೇನು?"
ಅಳೆದೆ. ಬೋಲ್ಟುಗಳ ನಡುವೆ ಮೂರೂವರೆ ಅಡಿ,
ಎತ್ತರ ಐದು ಬೆರಳು.

ಸಂಜೆ ಮತ್ತೆ ಹುಣಸೆಮರ.
ಗೋಣಿ ಹಾಸಿ ಗಾಡಿಯ ಕೆಳಗೆ ಅಂಗಾತ ಮಲಗಿದೆ.
"ಗೇರ್‌ಬಾಕ್ಸ್ ನೋಡ್ತೀರೇನ್ರಿ?" ಕಿಲ್ಲೇದಾರರ ದನಿ ಸ್ವಲ್ಪ ನಡುಗಿತು.
ಅದನ್ನೇ ನೋಡುತ್ತಿದ್ದೆ, ಬೇರೆ ಕಾರಣಕ್ಕೆ:
ಗಾಡಿಯ ಹೊಟ್ಟೆಯಲ್ಲಿ ಎಲ್ಲಕ್ಕಿಂತ ಕೆಳಗೆ ಜೋತದ್ದು ಅದೇ.
ನೆಲಕ್ಕೆ ಕೈ ಊರಿ ಬೆರಳು ಒಟ್ಟಿದೆ:
ಒಂದು, ಎರಡು, ಮೂರು, ನಾಲ್ಕು,
ಐದನೆಯದು ಹೋಯಿತು, ಉಗುರಿನಷ್ಟು ಸಂದು ಮಿಕ್ಕಿತು.
ಮಣಿಕಟ್ಟಿನ ಮೇಲೆ ಒಂದು ಹನಿ ಎಣ್ಣೆ ಬಿತ್ತು.
ಮೂಸಿದೆ.

"ಆರು ಸಾವಿರ ಬಿಡ್ರಿ," ಅಂದೆ ಕೆಳಗಿನಿಂದಲೇ,
"ಮೂರನೇದು ನಿಲ್ಲೂದಿಲ್ಲ."
ಅವರ ಚಪ್ಪಲಿಗಳು ಅತ್ತ ಇತ್ತ ಎರಡು ಸಲ ತಿರುಗಿದವು.
"ನಾಲ್ಕು," ಅಂದವು.